ನೀಲವ್ವನ ತಂಬಿಗೆ ಮತ್ತು ನನ್ನ ಕಲಾಸೇವೆ

ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿದ ನನಗೆ ಕಲೆಯ ವಿಷಯದಲ್ಲಿ ಇನ್ನು ಯಾರೂ ಏನನ್ನೂ ಹೇಳಿಕೊಡಬೇಕಾಗಿಲ್ಲ ಎಂದು ಪ್ರಾಮಾಣಿಕವಾಗಿ ನಂಬಿದ್ದೆ. ಆದ್ದರಿಂದ ಮುನವಳ್ಳಿಯ ನಮ್ಮ ಮನೆಗೆ ನನ್ನ ಹಳೆಯ ವಿದ್ಯಾರ್ಥಿನಿ ರೇಣುಕಾ ಬಂದು, "ಸರ್, ನಮ್ಮ ಓಣ್ಯಾಗ ಒಂದು ಇನ್‌ಸ್ಟಾಲೇಶನ್ ಮಾಡಬೇಕಂತ ಮಾಡೇನ್ರಿ, ನಿಮ್ಮ ಸಹಾಯ ಬೇಕ್ರಿ," ಎಂದಾಗ ಎರಡನೆಯ ಮಾತಿಲ್ಲದೆ ಒಪ್ಪಿಕೊಂಡೆ. ಅದೇನು ಅಂತ ಕೇಳಿದ್ದು ಒಪ್ಪಿಕೊಂಡ ಮೇಲೆ!

ರೇಣುಕಾ ಈಗ ಇಪ್ಪತ್ನಾಲ್ಕರ ಹುಡುಗಿ. ಪಟ್ಟಣದಲ್ಲಿ ಕಲೆ ಓದಿ ಬಂದಿದ್ದಾಳೆ. ಚಹಾ ಕುಡಿಯುತ್ತ ವಿವರಿಸಿದಳು.

"ನಳದ ಕಟ್ಟಿ ಐತಲ್ರಿ ಸರ್, ಓಣಿ ತಿರುವಿನ್ಯಾಗ. ಮೊದಲ ಎಲ್ಲಾ ಹೆಣ್ಮಕ್ಕಳು ಕೊಡ, ಬೋಗಣಿ ತಗೊಂಡು ಅಲ್ಲೇ ಕೂಡ್ತಿದ್ರು. ಈಗ ಮನಿಮನಿಗೂ ನಳ ಬಂದಾವು, ಕಟ್ಟಿ ಖಾಲಿ ಬಿದ್ದೈತಿ. ಮನಿಗೊಂದು ಹಳೇ ಭಾಂಡೆ ಇಸ್ಕೊಂಡು ಅಲ್ಲಿ ತಂತಿಗೆ ತೂಗ ಹಾಕೂದ್ರಿ. ಹೋಗೂವ್ರು ಬರೂವ್ರು ಅದರ ಮ್ಯಾಲಿನ ಹೆಸರು ಓದಬೇಕು, ಆಮ್ಯಾಲೆ ಕಟಗೀಲೆ ಬಾರಿಸಬೇಕು."

"ಆಮ್ಯಾಲೆ?"

"ಅಷ್ಟ ರೀ ಸರ್."

"ಮತ್ತ ಚಿತ್ರ ಎಲ್ಲೈತಿ?"

"ಚಿತ್ರ ಇಲ್ರಿ."

ಚಿತ್ರವಿಲ್ಲದ ಕಲೆ! ನನಗೆ ಅವಳ ಭವಿಷ್ಯದ ಬಗ್ಗೆ ಚಿಂತೆಯಾಯಿತು. ಆದರೂ ಮಾತು ಕೊಟ್ಟಾಗಿತ್ತು. "ನೀ ಏನೂ ಕಾಳಜಿ ಮಾಡಬ್ಯಾಡ. ಭಾಂಡೆ ಕೂಡಿಸೋ ಜವಾಬ್ದಾರಿ ನಂದು," ಎಂದೆ.

ನಮ್ಮ ಕಡೆ ಹೆಸರಿಲ್ಲದ ಪಾತ್ರೆ ಇರುವುದಿಲ್ಲ. ಮದುವೆಗೆ, ಬಸುರಿಯ ಕುಬಸಕ್ಕೆ, ಮನೆ ತುಂಬುವ ದಿನಕ್ಕೆ ಯಾರಾದರೂ ಪಾತ್ರೆ ಕೊಟ್ಟರೆ ಕೊಟ್ಟವರ ಹೆಸರನ್ನೋ ಪಡೆದವರ ಹೆಸರನ್ನೋ ಚೂಪು ಉಳಿಯಿಂದ ಚುಕ್ಕೆಚುಕ್ಕೆಯಾಗಿ ಕೊರೆಸುತ್ತೇವೆ. ಊರೆಲ್ಲ ಸುತ್ತಿದರೂ ಪಾತ್ರೆ ತನ್ನ ಮನೆಗೆ ತಿರುಗಿ ಬರಲಿ ಎಂಬ ಮುಂದಾಲೋಚನೆ ಅದು.

ಇಲ್ಲಿ ಒಂದು ಗಂಭೀರ ವಿಷಯ ಹೇಳಲೇಬೇಕು. ನಮ್ಮ ಮನೆಗೂ ಪಕ್ಕದ ನೀಲವ್ವನವರ ಮನೆಗೂ ನಡುವೆ ಎದೆಮಟ್ಟದ ಒಂದು ಗೋಡೆ ಇದೆ. ಹನ್ನೊಂದು ವರ್ಷಗಳ ಹಿಂದಿನವರೆಗೆ ನನ್ನ ಹೆಂಡತಿ ಶಾಂತಾ ಮತ್ತು ನೀಲವ್ವ ಆ ಗೋಡೆಗೆ ಆತುಕೊಂಡೇ ದಿನ ಕಳೆಯುತ್ತಿದ್ದರು. ಪಲ್ಯ ಆಚೆ ಹೋಗುತ್ತಿತ್ತು, ಚಟ್ನಿ ಈಚೆ ಬರುತ್ತಿತ್ತು. ಒಂದು ದಿನ ನೀಲವ್ವ ತಮ್ಮ ಹಿತ್ತಾಳೆ ತಂಬಿಗೆಯಲ್ಲಿ ಮಜ್ಜಿಗೆ ಕೊಟ್ಟರು. ಮರುದಿನ ಮುಂಜಾನೆ ಶಾಂತಾ ಅದನ್ನು ತೊಳೆದು, ಒಳಗೆ ಒಂದು ಹೆಂಟೆ ಬೆಲ್ಲ ಹಾಕಿ ಗೋಡೆಯ ಮೇಲಿಟ್ಟಳು. ಇನ್ನೊಬ್ಬರ ಪಾತ್ರೆಯನ್ನು ನಮ್ಮಲ್ಲಿ ಬರಿದಾಗಿ ತಿರುಗಿ ಕೊಡುವುದಿಲ್ಲ. "ನೀಲಕ್ಕಾ, ತಂಬಿಗಿ ಇಟ್ಟೇನಿ!" ಎಂದು ಕೂಗಿ ಒಳಗೆ ಬಂದಳು. ನೀಲವ್ವ ಹೊರಗೆ ಬಂದಾಗ ಗೋಡೆಯ ಮೇಲೆ ಏನೂ ಇರಲಿಲ್ಲ.

ಅದು ಹೂಲಿಯ ತವರಿನಿಂದ ಅವರ ತಾಯಿ ಮದುವೆಯಲ್ಲಿ ಕೊಟ್ಟಿದ್ದ ತಂಬಿಗೆ. ತಾಯಿ ತೀರಿಕೊಂಡ ಮೇಲೆ ಆಕೆಯ ನೆನಪಿಗೆ ಉಳಿದದ್ದು ಅದೊಂದೇ. ಎಂಟು ದಿನ ಹುಡುಕಿ ಸೋತು ನೀಲವ್ವ ನೇರವಾಗಿ ನನ್ನನ್ನೇ ಕೇಳಿದರು: "ಮಾಸ್ತರ, ನೀವು ಸಾಲಿ ಕಲಿಸೂವ್ರು, ಸುಳ್ಳ ಹೇಳಂಗಿಲ್ಲ. ನಿಮ್ಮ ಮನ್ಯಾಗ ಐತೇನ್ರಿ?"

"ಎಲ್ಲಮ್ಮನ ಆಣಿ ನೀಲಕ್ಕ, ನಮ್ಮ ಮನ್ಯಾಗ ಇಲ್ರಿ," ಎಂದೆ. ಆ ಕ್ಷಣಕ್ಕೆ ಅದು ಅಕ್ಷರಶಃ ನಿಜವಾಗಿತ್ತು ಎಂಬುದನ್ನು ಓದುಗರು ದಯವಿಟ್ಟು ಗಮನಿಸಬೇಕು.

ನೀಲವ್ವ ಜಗಳ ಮಾಡಲಿಲ್ಲ, ಯಾರ ಮುಂದೆಯೂ ದೂರಲಿಲ್ಲ. ಶಾಂತಾಳ ಜೊತೆ ಮಾತು ಬಿಟ್ಟರು. ಅಷ್ಟಕ್ಕೇ ಓಣಿಗೆ ಎಲ್ಲ ತಿಳಿಯಿತು. ಆ ವರ್ಷ ಯಾರದೋ ಮನೆಯ ಮದುವೆಯಲ್ಲಿ ಶಾಂತಾ ಅಡುಗೆಗೆ ಕೈಹಚ್ಚಲು ಹೋದಾಗ ಒಬ್ಬಳು ಬೆಳ್ಳಿ ಬಟ್ಟಲನ್ನು ಸುಮ್ಮನೆ ಕಪಾಟಿನೊಳಗೆ ಇಟ್ಟಳಂತೆ. ಶಾಂತಾ ಮನೆಗೆ ಬಂದು ನನ್ನ ಮುಂದೆ ಅಳಲೂ ಇಲ್ಲ. "ನಾ ಗ್ವಾಡಿ ಮ್ಯಾಲೆ ಇಟ್ಟಿದ್ದೆ ರೀ," ಎಂದಷ್ಟೇ ಹೇಳಿ ಊಟ ಬಿಟ್ಟು ಮಲಗಿದಳು.

ಇರಲಿ. ಕಲೆಗೆ ಬರೋಣ.

ಶಾಂತಾಳ ತಮ್ಮನ ಸೊಸೆಯ ಕುಬಸ ಬಂತು. ಮೂರು ದಿನಕ್ಕೆಂದು ಅವಳು ರಾಮದುರ್ಗಕ್ಕೆ ಹೊರಟಳು. ಹೊರಡುವಾಗ, "ಅಟ್ಟದ ಮ್ಯಾಲಿನ ಹಳೇ ಭಾಂಡೆ ಬೇಕಾದ್ರ ಕೊಡ್ರಿ. ಅಡಗಿ ಮನ್ಯಾಗಿನೂವು ಮುಟ್ಟಬ್ಯಾಡ್ರಿ," ಎಂದು ಸ್ಪಷ್ಟವಾಗಿ ಹೇಳಿ ಹೋದಳು. ಸೂಚನೆ ಸ್ಪಷ್ಟವಾಗಿತ್ತು. ಪಾಲನೆಯಲ್ಲಿ ಮಾತ್ರ ಸ್ವಲ್ಪ ಏರುಪೇರಾಯಿತು.

ಮೊದಲ ದಿನ ಗೋಣಿಚೀಲ ಹೆಗಲಿಗೇರಿಸಿ ಓಣಿಯಲ್ಲಿ ಹೊರಟೆ. ಕಲಾಸೇವೆಗೆ ಗೋಣಿಚೀಲ ಹೊಂದುವುದಿಲ್ಲ ಎಂದು ಮೊದಲೇ ಹೊಳೆಯಬೇಕಿತ್ತು. ಕಿರಾಣಿ ಅಂಗಡಿಯ ಗುರುಪಾದಪ್ಪ ಗಲ್ಲೆಯ ಹಿಂದಿನಿಂದಲೇ ಕೂಗಿದ: "ಏನ್ರೀ ಸರ್, ಹಳೇ ಸಾಮಾನಿನ ಮೋಡಕಾ ವ್ಯಾಪಾರ ಸುರು ಮಾಡೀರೇನು? ಪಿನ್ಶನ್ ಸಾಲವಲ್ದಾ?"

"ವ್ಯಾಪಾರ ಅಲ್ಲೋ ಮಾರಾಯಾ, ಕಲಾ! ಸಾರ್ವಜನಿಕರು ಭಾಗವಹಿಸೋ ಕಲಾ!"

"ಹಂಗಾರ ನಮ್ಮ ತೂತು ಬಿದ್ದ ಕೊಡ ಒಯ್ರಿ. ಬದಲಿ ಏನ್ ಕೊಡ್ತೀರಿ? ಬಕೀಟೋ, ಬುಟ್ಟಿಯೋ?"

ಮಧ್ಯಾಹ್ನದ ಹೊತ್ತಿಗೆ ನನ್ನ ಚೀಲದಲ್ಲಿ ಒಂಬತ್ತು ಪಾತ್ರೆ. ಅದರಲ್ಲಿ ನಾಲ್ಕು ತೂತು, ಎರಡಕ್ಕೆ ಕಿವಿ ಇಲ್ಲ, ಒಂದು ಕುಕ್ಕರಿನ ಮುಚ್ಚಳ! ರೇಣುಕಾಗೆ ಮೂವತ್ತು ಬೇಕಾಗಿದ್ದವು. ಮಾತು ಕೊಟ್ಟ ಗುರು ಹಿಂದೆ ಸರಿಯುವುದುಂಟೆ? ಮನೆಗೆ ಬಂದು ಅಟ್ಟ ಹತ್ತಿದೆ. ಅಲ್ಲಿ ಹನ್ನೆರಡು ಸಿಕ್ಕವು. ಉಳಿದ ಒಂಬತ್ತನ್ನು ಅಡುಗೆಮನೆಯಿಂದ ಎತ್ತಿದೆ. ಶಾಂತಾ ಬರುವುದರೊಳಗೆ ಬೇರೆ ಏನಾದರೂ ವ್ಯವಸ್ಥೆ ಮಾಡಿದರಾಯಿತು ಎಂದುಕೊಂಡೆ. ಏನು ವ್ಯವಸ್ಥೆ ಎಂದು ನನ್ನನ್ನು ನಾನೇ ಕೇಳಿಕೊಳ್ಳಲಿಲ್ಲ.

ಅಟ್ಟದ ಮೇಲೆ ನನ್ನ ನಿವೃತ್ತಿಯ ದಿನ ಸಾಲೆಯಿಂದ ಬಂದ ತಗಡಿನ ಟ್ರಂಕೂ ಇತ್ತು. ನಾಲ್ಕು ವರ್ಷ ಅದನ್ನು ತೆರೆದಿರಲಿಲ್ಲ. ಆ ಹನ್ನೆರಡರಲ್ಲಿ ಒಂದು ಸಿಕ್ಕಿದ್ದು ಅದರೊಳಗೆ, ಒಣಗಿದ ಬಣ್ಣದ ಡಬ್ಬಿಗಳ ಅಡಿಯಲ್ಲಿ; ಕಪ್ಪಾಗಿ ಕಿಲುಬು ಹಿಡಿದಿತ್ತು. ಅಟ್ಟದ ಕತ್ತಲಲ್ಲಿ ಅದನ್ನೂ ಉಳಿದವುಗಳ ಜೊತೆ ಕೆಳಗಿಳಿಸಿದೆ. ಕನ್ನಡಕವನ್ನು ಮೇಲೆಯೇ ಬಿಟ್ಟು ಬಂದೆ.

ಇನ್ನು ನನ್ನ ಶ್ರದ್ಧೆಯ ವರ್ಣನೆ. ಹಿತ್ತಲಲ್ಲಿ ಕೂತು ಹುಣಸೆಹಣ್ಣು, ಬೂದಿ ಹಾಕಿ ಇಡೀ ದಿನ ತಿಕ್ಕಿದೆ. ಶಾಂತಾ ನೋಡಿದ್ದರೆ ಈ ಜನ್ಮದಲ್ಲಿ ಮತ್ತೆ ಭಾಂಡೆ ತಿಕ್ಕುವ ಕೆಲಸ ನನಗೇ ಕಾಯಂ ಮಾಡುತ್ತಿದ್ದಳು. ಆ ಕಪ್ಪು ಪಾತ್ರೆಯಂತೂ ತಿಕ್ಕಿದಂತೆ ಬಂಗಾರದ ಬಣ್ಣಕ್ಕೆ ತಿರುಗಿತು. ಅಂದವಾದ ತಂಬಿಗೆ! ಒಂದು ಬದಿಗೆ ಸಣ್ಣ ನೆಗ್ಗು. ಕಂಠದ ಸುತ್ತ ಚುಕ್ಕೆಗಳ ಕೆತ್ತನೆ. ಕನ್ನಡಕವಿಲ್ಲದ ಕಣ್ಣಿಗೆ ಅದು ಯಾವನೋ ನುರಿತ ಕಂಚುಗಾರ ಬಿಡಿಸಿದ ಬಳ್ಳಿಯಂತೆ ಕಂಡಿತು. ಬೆರಳಾಡಿಸಿ ಮೆಚ್ಚಿದೆ. ಬಾಗಿಲಲ್ಲಿ ನಿಂತಿದ್ದ ರೇಣುಕಾಗೆ, "ನೋಡವಾ, ಹಳೇ ಮಂದಿಯ ಅಲಂಕಾರ ಪ್ರಜ್ಞೆ ಹೆಂಗಿತ್ತು!" ಎಂದು ಪಾಠವನ್ನೂ ಹೇಳಿದೆ. ಅವಳು ತಂತಿ ಬಿಡಿಸುವ ಗಡಿಬಿಡಿಯಲ್ಲಿದ್ದಳು, ಸರಿಯಾಗಿ ನೋಡಲಿಲ್ಲ.

ಮೂರನೆಯ ದಿನ ಕಟ್ಟೆಯ ಮೇಲೆ ಎರಡು ಕಂಬಗಳ ನಡುವೆ ತಂತಿ ಎಳೆದು ಮೂವತ್ತು ಪಾತ್ರೆ ತೂಗುಹಾಕಿದೆವು. ರೇಣುಕಾ ಸಿಕ್ಕ ಸಿಕ್ಕ ಹಾಗೆ ಕಟ್ಟೋಣ ಎಂದಳು. ನಾನು ಬಿಡಲಿಲ್ಲ. ಸಮತೋಲ ಬೇಕು, ಕೇಂದ್ರಬಿಂದು ಬೇಕು! ಆ ತಂಬಿಗೆಯನ್ನು ನಾನೇ ನಟ್ಟನಡುವೆ, ಸರಿಯಾಗಿ ನೋಡುವವರ ಕಣ್ಣಿನ ಎತ್ತರಕ್ಕೆ ಕಟ್ಟಿದೆ.

ಸಂಜೆ ಐದಕ್ಕೆ ಓಣಿಯೆಲ್ಲ ಕೂಡಿತು. ಮೈಕಿನ ಅಗತ್ಯವಿರಲಿಲ್ಲ. ಆದರೆ ಅಧ್ಯಕ್ಷ ಸ್ಥಾನದಲ್ಲಿ ನಾನಿದ್ದೆ, ಮೈಕು ಬಾಡಿಗೆಗೆ ಬಂದಿತ್ತು. "ಕಲೆಯು ಮುರಿದ ಮನಸ್ಸುಗಳನ್ನು ಬೆಸೆಯುತ್ತದೆ," ಎಂದು ಆರಂಭಿಸಿ ಇಪ್ಪತ್ತು ನಿಮಿಷ ಬೆಸೆದೆ. ಕೊನೆಗೆ ನಿಯಮ ಘೋಷಿಸಿದೆ: "ಪ್ರತಿಯೊಬ್ಬರೂ ಪಾತ್ರೆಯ ಮೇಲಿನ ಹೆಸರನ್ನು ಸ್ಪಷ್ಟ ಉಚ್ಚಾರಣೆಯಲ್ಲಿ, ಎಲ್ಲರಿಗೂ ಕೇಳುವಂತೆ ಓದತಕ್ಕದ್ದು. ಅನಂತರ ಬಾರಿಸತಕ್ಕದ್ದು."

ಮೊದಲು ಹಿಟ್ಟಿನ ಗಿರಣಿಯ ಈರಣ್ಣ ಬಂದ. ಗುರುಪಾದಪ್ಪ ಕೊಟ್ಟಿದ್ದ ತೂತು ಕೊಡದ ಹತ್ತಿರ ನಿಂತು ಓದಿದ: "ಈರಣ್ಣ... ಗಿರಣಿ..." ಅರ್ಧಕ್ಕೆ ನಿಂತ. "ಏ ಗುರುಪಾದ್ಯಾ! ಇದು ನಮ್ಮ ಕೊಡ! ನಮ್ಮ ಮನಿ ತುಂಬೂ ದಿನದ ಕೊಡ!"

"ನಿಂದಾದ್ರ ನಿಂದು. ತೂತು ಬಿದ್ದೈತಿ, ಒಯ್ಯಿ," ಎಂದ ಗುರುಪಾದಪ್ಪ.

"ನಾ ಕೊಟ್ಟಾಗ ತೂತು ಇರಲಿಲ್ಲಲೇ!"

ಜನ ನಕ್ಕರು. ಆದರೆ ಮುಂದಿನ ಪಾತ್ರೆಯಲ್ಲೂ ಅದೇ ಕತೆ, ಅದರ ಮುಂದಿನದರಲ್ಲೂ ಅದೇ. ಓಣಿಯ ಪಾತ್ರೆಗಳೆಲ್ಲ ಮನೆ ಬದಲಿಸಿ ವರ್ಷಗಳಾಗಿದ್ದವು. ಕಟ್ಟೆಯ ಸುತ್ತ ಗದ್ದಲ ಎದ್ದಿತು. ರೇಣುಕಾಳ ಮುಖ ಮಾತ್ರ ಅರಳಿತ್ತು. "ಸರ್, ಇದ ರೀ! ಇದ ನನಗ ಬೇಕಾಗಿತ್ತು! ನಳದ ಕಟ್ಟಿ ಮ್ಯಾಲೆ ಮತ್ತ ಮಾತು ಸುರು ಆತು!" ಎನ್ನುತ್ತಿದ್ದಳು.

ಗದ್ದಲ ಅಡಗಿಸಲು ನನಗೊಂದು ಮಹಾನ್ ಉಪಾಯ ಹೊಳೆಯಿತು. ಗುಂಪಿನ ಅಂಚಿನಲ್ಲಿ ನೀಲವ್ವ ನಿಂತಿದ್ದರು. ಓಣಿಯಲ್ಲೇ ಹಿರಿಯರು, ನಮ್ಮ ಜೊತೆ ಮಾತಿಲ್ಲದವರು. ಅವರನ್ನೇ ಕರೆದರೆ ನನ್ನ ದೊಡ್ಡತನ ಊರಿಗೇ ತಿಳಿಯುತ್ತದೆ! ಮೈಕಿನಲ್ಲಿ ಕರೆದೆ: "ನೀಲಕ್ಕಾ, ಬರ್ರಿ. ನಡುವಿನ ತಂಬಿಗೆ ನಿಮ್ಮ ಕೈಲೇ ಬಾರಿಸ್ರಿ." ಅವರು ಹಿಂದುಮುಂದು ನೋಡಿದರು. ನಾನೇ ಹೋಗಿ ಕೋಲನ್ನು ಅವರ ಕೈಗೆ ಕೊಟ್ಟೆ.

ನೀಲವ್ವ ತಂಬಿಗೆಯ ಮುಂದೆ ನಿಂತರು. ಕಂಠದ ಮೇಲೆ ಬೆರಳಿಟ್ಟು, ಚುಕ್ಕೆ ಕೂಡಿಸುತ್ತ, ನಿಧಾನವಾಗಿ ಓದಿದರು.

"ಚಿ. ಸೌ. ನೀಲವ್ವಗ... ತಾಯಿ ಗಂಗವ್ವ... ಹೂಲಿ."

ಕೋಲು ಕೈಯಿಂದ ಜಾರಿ ಬಿತ್ತು. ನೀಲವ್ವ ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, "ಯವ್ವಾ," ಎಂದರು. ಅಷ್ಟೇ.

ಮೊದಲು ಎಲ್ಲರೂ ನನ್ನನ್ನು ನೋಡಿದರು. ಆಮೇಲೆ ಎಲ್ಲರ ಕತ್ತೂ ಹಿಂದಕ್ಕೆ ತಿರುಗಿತು. ಅಲ್ಲಿ, ರಾಮದುರ್ಗದ ಬಸ್ಸಿಳಿದು ನೇರ ಬಂದ ಶಾಂತಾ ಕೈಯಲ್ಲಿ ಚೀಲ ಹಿಡಿದು ನಿಂತಿದ್ದಳು. ಚೀಲವನ್ನು ನೆಲಕ್ಕಿಟ್ಟಳು.

"ನಾ ಗ್ವಾಡಿ ಮ್ಯಾಲೆ ಇಟ್ಟಿದ್ದೆ, ನೀಲಕ್ಕಾ," ಎಂದಳು. ಹನ್ನೊಂದು ವರ್ಷದಿಂದ ಅದೇ ಮಾತು.

"ಮತ್ತ ನಿಮ್ಮ ಮನ್ಯಾಗಿಂದ ಹೆಂಗ ಬಂತವಾ?" ಎಂದು ಗುಂಪಿನಲ್ಲಿ ಯಾರೋ ಕೇಳಿದರು. ಶಾಂತಾ ನನ್ನ ಕಡೆ ನೋಡಿದಳು.

ನಾನು ಆಗಲಾದರೂ ಬಾಯಿ ಮುಚ್ಚಿಕೊಂಡಿರಬೇಕಿತ್ತು, ಇಲ್ಲವೇ ನಿಜ ಹೇಳಬೇಕಿತ್ತು. ನಾನು ಎರಡನ್ನೂ ಮಾಡದೆ ಮೈಕನ್ನು ಬಾಯಿಗೆ ಹಿಡಿದು, "ಬಂಧುಗಳೇ, ಆತುರ ಬೇಡ. ಹೂಲ್ಯಾಗ ನೀಲವ್ವಂದಿರು ಬೇಕಾದಷ್ಟು ಮಂದಿ ಅದಾರ," ಎಂದೆ.

"ಗಂಗವ್ವ ಅನ್ನೂ ತಾಯಿ ಇರೂ ನೀಲವ್ವಂದಿರೂ ಬೇಕಾದಷ್ಟು ಮಂದಿ ಅದಾರೇನ್ರಿ?" ಎಂದ ಈರಣ್ಣ.

ಆಗ ರೇಣುಕಾ ತಂಬಿಗೆಯ ಹತ್ತಿರ ಬಂದು ಬಗ್ಗಿ ಅದರ ಬದಿ ನೋಡಿದಳು. "ಸರ್," ಎಂದಳು, "ಈ ತಂಬಿಗಿ ಚಿತ್ರಾ ನಾ ಬರದೀನ್ರಿ. ಎಂಟನೇ ಕ್ಲಾಸಿನ್ಯಾಗ ಇದ್ದಾಗ. ನೀವು ಟೇಬಲ್ ಮ್ಯಾಲೆ ಇಟ್ಟಿದ್ರಿ, ಮುಂದ ಎರಡು ಬದನಿಕಾಯಿ. ಇದ ರೀ, ಇದ ನೆಗ್ಗು! ನಾ ನೆಗ್ಗು ಸಹಿತ ಬರದಿದ್ದೆ. ತಂಬಿಗಿ ಸುತ್ತ ಒಂದ ಸಮ ಇರಬೇಕು, ಕಣ್ಣು ತಗದು ನೋಡು ಅಂದು ಎರಡು ಮಾರ್ಕ್ಸ್ ಕಡಿಮಿ ಕೊಟ್ರಿ."

"ಹೂಲಿಯಿಂದ ಬರೂವಾಗ ಚಕ್ಕಡಿಯಿಂದ ಬಿದ್ದು ಆದ ನೆಗ್ಗು ಅದು," ಎಂದರು ನೀಲವ್ವ.

ಆ ಮುಂಜಾನೆ ಪೂರ್ತಿ ಕಣ್ಣ ಮುಂದೆ ಬಂತು. ಸಾಲೆಗೆ ಹೊತ್ತಾಗಿತ್ತು. ಮಕ್ಕಳ ಮುಂದೆ ಇಡಲು ಒಂದು ಪಾತ್ರೆ ಬೇಕಿತ್ತು. ಗೋಡೆಯ ಮೇಲೆ ತಂಬಿಗೆ ಹೊಳೆಯುತ್ತಿತ್ತು. ಎಂಥ ಬೆಳಕು, ಎಂಥ ನೆರಳು ಎಂದುಕೊಂಡೆನೇ ಹೊರತು ಯಾರದು ಎಂದುಕೊಳ್ಳಲಿಲ್ಲ. ನಮ್ಮ ಗೋಡೆ, ನಮ್ಮ ತಂಬಿಗೆ! ಎತ್ತಿಕೊಂಡು ನಡೆದೆ.

ಆಣೆ ಮಾಡುವಾಗ ಖಂಡಿತ ನನಗೆ ಗೊತ್ತಿರಲಿಲ್ಲ. ಒಳಗೆ ಬೆಲ್ಲ ಇಟ್ಟಿದ್ದೆ ಎಂದು ಶಾಂತಾ ಹೇಳಿದ್ದು ಆಣೆಯ ಮರುದಿನ. ಬೆಲ್ಲ ಎಂದ ಕೂಡಲೇ ಗೊತ್ತಾಯಿತು. ಆ ದಿನವೇ ತಂದು ಕೊಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಎಲ್ಲಮ್ಮನ ಆಣೆ ಮಾಡಿದ ಮಾಸ್ತರು ತಂಬಿಗೆ ಹಿಡಿದುಕೊಂಡು ಹೋಗಿ ಏನು ಹೇಳುವುದು? ನಾಳೆ ಕೊಟ್ಟರಾಯಿತು ಎಂದು ಅದನ್ನು ಸಾಲೆಯ ಕಪಾಟಿನ ಹಿಂದಕ್ಕೆ ಸರಿಸಿದೆ. ಪರೀಕ್ಷೆ ಬಂತು, ರಜೆ ಬಂತು, ಬಣ್ಣದ ಡಬ್ಬಿಗಳು ಅದರ ಮುಂದೆ ಬಂದವು. ಆಮೇಲೆ ನಿಜವಾಗಿಯೂ ಮರೆತೆ; ನಿವೃತ್ತಿಯ ದಿನ ಸಾಲೆಯ ಜವಾನ ಕಪಾಟಿನಲ್ಲಿದ್ದದ್ದನ್ನೆಲ್ಲ ಆ ಟ್ರಂಕಿಗೆ ತುಂಬಿದ್ದ. ಅಷ್ಟೂ ವರ್ಷ ಶಾಂತಾ ನನ್ನ ಪಕ್ಕದಲ್ಲೇ ಕಳ್ಳಿಯಾಗಿ ಬದುಕಿದಳು. ಇದನ್ನು ಬರೆಯುವಾಗಲೂ ನಾಚಿಕೆಯಿಂದ ಕೈ ತಡೆಯುತ್ತದೆ.

"ನಾನ ಒಯ್ದಿದ್ದೆ ನೀಲಕ್ಕಾ," ಎಂದೆ. "ಶಾಂತಾಂದು ಏನೂ ತಪ್ಪಿಲ್ಲ. ಆಕಿ ಇಟ್ಟಿದ್ದು ಖರೆ. ಬೆಲ್ಲಾ ಹಾಕಿ ಇಟ್ಟಿದ್ಲು."

"ಬೆಲ್ಲಾ ಏನಾತು?" ಎಂದಳು ಶಾಂತಾ. ತಣ್ಣಗೆ ಕೇಳಿದಳು.

"ಸಾಲಿಗೆ ಹೋಗೂವಾಗ... ದಾರ್ಯಾಗ ತಿಂದೆ."

ಮೈಕು ಚಾಲೂ ಇತ್ತು! ನನ್ನ ತಪ್ಪೊಪ್ಪಿಗೆ ಬಸ್‌ಸ್ಟ್ಯಾಂಡಿನವರೆಗೂ ಸ್ಪಷ್ಟ ಉಚ್ಚಾರಣೆಯಲ್ಲಿ ಕೇಳಿಸಿತಂತೆ. ಎಲ್ಲಮ್ಮನ ಗುಡ್ಡಕ್ಕೆ ಹೊರಟಿದ್ದ ಒಂದು ಟ್ರ್ಯಾಕ್ಟರೂ ನಿಂತಿತು. ಅದರಲ್ಲಿದ್ದ ಅಜ್ಜಿ ಒಬ್ಬಳು, "ಏನ್ ತಿಂದ್ನಂತ?" ಎಂದು ಪಕ್ಕದವಳನ್ನು ಕೇಳಿದಳು.

ನೀಲವ್ವ ನನ್ನ ಕಡೆ ತಿರುಗಿದರು. ಬಯ್ದಿದ್ದರೆ ಹಗುರಾಗುತ್ತಿತ್ತು. "ಹನ್ನೊಂದು ವರ್ಷ, ಮಾಸ್ತರ," ಎಂದರು. "ತಂಬಿಗಿ ಹೋತಂತ ನಾ ಅತ್ತದ್ದು ಎಂಟು ದಿನ. ಶಾಂತಾ ಹಿಂಗ ಮಾಡಿದ್ಲಲ್ಲಾ ಅಂತ ಅತ್ತದ್ದು ಲೆಕ್ಕಿಲ್ಲ. ನನ್ನ ತಂಗಿಗಿಂತ ಹೆಚ್ಚಿದ್ಲು ಆಕಿ."

ಅವರು ತಂಬಿಗೆಯ ತಂತಿ ಬಿಚ್ಚಲು ಕೈ ಹಾಕಿದರು. ಶಾಂತಾ ಮುಂದೆ ಬಂದು ತಾನೇ ಬಿಚ್ಚಿದಳು. ಬಿಚ್ಚಿ ಕೈಗೆ ಕೊಡಲಿಲ್ಲ. "ತಡೀ ನೀಲಕ್ಕಾ, ಬರಿದು ಒಯ್ಯಬ್ಯಾಡ," ಎಂದು ಗುರುಪಾದಪ್ಪನ ಅಂಗಡಿಗೆ ಹೋಗಿ ಒಂದು ಹೆಂಟೆ ಬೆಲ್ಲ ತಂದು ಒಳಗೆ ಹಾಕಿದಳು. ಆಮೇಲೆ ತಂಬಿಗೆಯನ್ನು ನನ್ನ ಕೈಗಿಟ್ಟಳು.

"ಈಗ ನೀವ ಒಯ್ದು ಅವರ ಮನೀಗೆ ಮುಟ್ಟಿಸ್ರಿ. ದಾರ್ಯಾಗ ತಿನ್ನಬ್ಯಾಡ್ರಿ."

ನಳದ ಕಟ್ಟೆಯಿಂದ ನೀಲವ್ವನವರ ಮನೆಗೆ ಅರವತ್ತು ಹೆಜ್ಜೆ. ಮೂವತ್ತೆರಡು ವರ್ಷ ಗೌರವದಿಂದ ಓಡಾಡಿದ ಓಣಿಯಲ್ಲಿ, ಎರಡೂ ಬದಿಗೆ ಜನ ನಿಂತಿರಲು, ಬೆಲ್ಲದ ತಂಬಿಗೆ ಎದೆಗೆ ಹಿಡಿದು ನಡೆದೆ; ಮುಂದೆ ನೀಲವ್ವ, ಹಿಂದೆ ಶಾಂತಾ. ಯಾರೂ ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು. ನೀಲವ್ವ ತಮ್ಮ ಹೊಸ್ತಿಲಲ್ಲಿ ಅದನ್ನು ಇಸಿದುಕೊಂಡು ಒಳಗೆ ಇಣುಕಿದರು. ಬೆಲ್ಲವಿತ್ತು. ಅದನ್ನು ಮುರಿದು ಅರ್ಧ ಶಾಂತಾಳ ಕೈಗಿಟ್ಟರು. ಇಬ್ಬರೂ ಅಲ್ಲೇ ಬಾಗಿಲ ಬದಿಯ ಕಟ್ಟೆಯ ಮೇಲೆ ಕೂತರು. ಆಮೇಲೆ ನೀಲವ್ವ, "ತಮ್ಮನ ಸೊಸಿ ಕುಬಸಾ ಚಲೋ ಆತೇನು?" ಎಂದರು. ಶಾಂತಾ ಸೆರಗಿನಿಂದ ಮುಖ ಮುಚ್ಚಿಕೊಂಡು ಬಿಕ್ಕಿ ಅತ್ತಳು. ನನಗೆ ಬೆಲ್ಲ ಯಾರೂ ಕೊಡಲಿಲ್ಲ, ನಾನೂ ಕೇಳಲಿಲ್ಲ.

ಸ್ವಲ್ಪ ಹೊತ್ತಿಗೆ ಶಾಂತಾ ಕಣ್ಣೊರೆಸಿಕೊಂಡು ನನ್ನ ಕಡೆ ನೋಡಿದಳು. "ಕಂಬ ನಿಂತಂಗ ಯಾಕ ನಿಂತೀರಿ? ಹೋಗ್ರಿ, ಮೂರು ಕಪ್ಪು ಚಾ ಮಾಡ್ಕೊಂಡು ಬರ್ರಿ."

ಮೂರು ಕಪ್ಪು! ಲೆಕ್ಕದಲ್ಲಿ ನಾನೂ ಇದ್ದೆ. ಆ ಖುಷಿಯಲ್ಲಿ ಓಡಿ ಅಡುಗೆಮನೆಗೆ ಹೋದೆ. ಒಲೆ ಇತ್ತು, ಹಾಲಿನ ಪಾಕೀಟು ಇತ್ತು, ಸಕ್ಕರೆ ಇತ್ತು. ಕಾಸಲು ಒಂದು ಪಾತ್ರೆಯೂ ಇರಲಿಲ್ಲ. ನಮ್ಮ ಅಡುಗೆಮನೆ ಪೂರ್ತಿ ನಳದ ಕಟ್ಟೆಯ ಮೇಲೆ ತೂಗುತ್ತಿತ್ತು!

ಈ ಸಲ ಅಟ್ಟ ಹತ್ತಿ ಕನ್ನಡಕ ತಂದು ಹಾಕಿಕೊಂಡೆ. ಕಟ್ಟೆಗೆ ಹೋಗಿ ನಮ್ಮ ದಿನದ ಚಹಾದ ಬೋಗಣಿ ಹುಡುಕಿದೆ. ಮದುವೆಯಾದಾಗಿನಿಂದ ಅದರಲ್ಲೇ ಕಾಸಿದ ಚಹಾ ಕುಡಿದವನು ನಾನು, ಕತ್ತಲಲ್ಲಿ ಕೊಟ್ಟರೂ ಗುರುತಿಸಬಲ್ಲೆ. ಬಿಚ್ಚಲು ಕೈ ಹಾಕಿದೆ.

"ಸರ್, ನಿಯಮ," ಎಂದಳು ರೇಣುಕಾ. "ಮೊದಲ ಹೆಸರು ಓದ್ರಿ."

ಬೋಗಣಿಯನ್ನು ಬೆಳಕಿಗೆ ತಿರುಗಿಸಿ ಅಂಚಿನ ಮೇಲಿನ ಚುಕ್ಕೆಗಳನ್ನು ಒಂದೊಂದಾಗಿ ಓದಿದೆ. ಗುರುಪಾದಪ್ಪನ ತಾಯಿಯ ಹೆಸರು!

ಎದುರಿನ ಅಂಗಡಿಯಲ್ಲಿ ಗುರುಪಾದಪ್ಪ ಕೈಕಟ್ಟಿಕೊಂಡು ನನ್ನನ್ನೇ ನೋಡುತ್ತಿದ್ದ. ನಾನು ನಿಯಮದ ಪ್ರಕಾರ ಆ ಹೆಸರನ್ನು ಎಲ್ಲರಿಗೂ ಕೇಳುವಂತೆ ಇನ್ನೊಮ್ಮೆ ಓದಿದೆ, ಕೋಲೆತ್ತಿ ಒಂದು ಸಲ ಬಾರಿಸಿದೆ, ಆಮೇಲೆ ಬೋಗಣಿ ಬಿಚ್ಚಿಕೊಂಡು ಅವನ ಅಂಗಡಿಯ ಮುಂದೆ ಹೋಗಿ ನಿಂತೆ.

"ಗುರುಪಾದಪ್ಪಾ," ಎಂದೆ, "ಇನ್ನೊಂದು ಹೆಂಟಿ ಬೆಲ್ಲಾ ಕೊಡಪಾ."